ಒಂದೇ ಮನೆಯಲ್ಲಿ ಎರಡಕ್ಷರ

ಮೆರೆರಿಡ್‌ಳ ಲಾಂಡ್ರಿಯಲ್ಲಿ ಆರು ಯಂತ್ರ, ಒಂದು ಕೆಟ್ಟಿದೆ.
ಕೆಟ್ಟದ್ದರ ನೆತ್ತಿಯ ಮೇಲೆ ಚೌಕುಳಿ ಹಾಳೆ, ರಬ್ಬರು,
ಕಚ್ಚಿ ಕಚ್ಚಿ ಮೊಂಡಾದ ಪೆನ್ಸಿಲು.
ಸೋಮವಾರ ಶುರು, ಗುರುವಾರಕ್ಕೆ ಮುಗಿಯಬೇಕು ಪದಬಂಧ:
ಹನ್ನೊಂದು ಮನೆ ಅಡ್ಡ, ಹನ್ನೊಂದು ಮನೆ ಉದ್ದ.
ಶುಕ್ರವಾರ ಏಳೂಹತ್ತರ ಬಸ್ಸು ಹೊರಡುವ ಮೊದಲು
ಹದಿನಾಲ್ಕು ಪ್ರತಿ ನನ್ನ ಕೈಗೆ.
ಚಾಪೆಲ್ಲಿನ ಜೆರಾಕ್ಸಿನಿಂದ ಬಂದವು,
ಇನ್ನೂ ಬೆಚ್ಚಗಿರುತ್ತವೆ.

ನಮ್ಮದು ಸ್ಲೇಟು ತೋಡಿದ ಊರು.
ಮಾರಿದ್ದಕ್ಕಿಂತ ಬಿಸಾಡಿದ್ದೇ ಹೆಚ್ಚು;
ಹಿತ್ತಿಲಿಗೇ ಬಂದು ನಿಂತಿದೆ ಒಡೆದ ಕಲ್ಲಿನ ಗುಡ್ಡ,
ಮಳೆ ನಿಂತರೆ ಈಗಷ್ಟೇ ಒರೆಸಿದ ಹಾಗೆ ಮಿರುಗುತ್ತದೆ.
ಎಲ್ಲೆಲ್ಲಿಯದೋ ಮಕ್ಕಳು ಅದರ ಮೇಲೆ ಅಕ್ಷರ ತಿದ್ದಿದರಂತೆ.
ನಮ್ಮ ವೆಲ್ಶ್ ಅಕ್ಷರದ ಲೆಕ್ಕವೇ ಬೇರೆ:
ಡಿ ಪಕ್ಕ ಡಿ, ಎಲ್ ಪಕ್ಕ ಎಲ್, ಟಿ ಪಕ್ಕ ಎಚ್,
ನೋಡಲು ಎರಡು, ಎಣಿಸಲು ಒಂದು.
ಒತ್ತಿಕೊಂಡು ಕೂರುತ್ತವೆ ಒಂದೇ ಮನೆಯಲ್ಲಿ,
ಜನವರಿಯಲ್ಲಿ ನನ್ನ ಬಸ್ಸಿನ ಮುಂದಿನ ಸೀಟಿನವರ ಹಾಗೆ.

ಕಟುಕ ಕರಾದೊಗ್‌ಗೆ ಒಂದು,
ಹೆಬ್ಬೆರಳ ರಕ್ತ ಒರೆಸಿ ತೆಗೆದುಕೊಳ್ಳುತ್ತಾನೆ.
ಡಯಾಲಿಸಿಸ್ಸಿಗೆ ಹೋಗುವ ಹೈಲ್ವೆನ್‌ಗೆ ಒಂದು.
ನಾಲ್ಕು ತಾಸು ಒಂದು ಕೈ ಯಂತ್ರದ ವಶ,
ಇನ್ನೊಂದರಲ್ಲಿ ಪೆನ್ನು.
ಪೆನ್ಸಿಲು ಮುಟ್ಟಳು. “ತಪ್ಪಿದರೆ ತಪ್ಪಲಿ,
ಅಳಿಸುತ್ತ ಕೂರಲು ಹೊತ್ತೆಲ್ಲಿದೆ?”
ಶಾಲೆಯ ಹುಡುಗ ಟೆಗಿಡ್ ಹಿಂದಿನಿಂದ ಕೂಗುತ್ತಾನೆ:
“ಮೇಲಿನಿಂದ ಕೆಳಕ್ಕೆ ಒಂಬತ್ತು. ನಾಲ್ಕು ಮನೆ.
ಹೆಂಡತಿ ಮೂರು ಸಲ ಕರೆದರೂ ಏಳದವನು, ಯಾರು?”
ಗೊತ್ತಿಲ್ಲಪ್ಪ, ಎಂದು ತಿರುವಿನಲ್ಲಿ ಗೇರು ಬದಲಿಸುತ್ತೇನೆ.
ಗೊತ್ತಿತ್ತು.
ಅದು ನನ್ನ ಹೆಸರು.

ಕಳೆದ ನವೆಂಬರಿನಲ್ಲಿ ಬಲಗಡೆ ಕೆಳಮೂಲೆ
ಏನು ಮಾಡಿದರೂ ಕೂಡಿಬರಲಿಲ್ಲವಂತೆ.
ಅಡ್ಡದ್ದು ಸರಿಮಾಡಿದರೆ ಉದ್ದದ್ದು ಮುರಿಯಿತು,
ಅಳಿಸಿ ಅಳಿಸಿ ಹಾಳೆ ತೂತು ಬಿತ್ತು.
ಗುರುವಾರ ರಾತ್ರಿ, ಕೊನೆಯ ಡ್ರಯರೂ ನಿಂತಿತ್ತು.
ಉಳಿದದ್ದು ಆರೇ ಮನೆ.
ಮೇಲಿಂದ ಇಳಿದ ಪದಗಳು ಬಿಟ್ಟುಹೋದ ಅಕ್ಷರ
ಸಾಲಾಗಿ ಓದಿದರೆ: ದಿಲ್ವೆಥ್,
ಕೊನೆಯ ಮನೆಯಲ್ಲಿ ಟಿ, ಎಚ್ ಒತ್ತಿಕೊಂಡು.
ಅಂಥ ಪದವೇ ಇಲ್ಲ.
ನಿಘಂಟಿನಲ್ಲಿಲ್ಲ, ಯಾರ ಅಜ್ಜಿಯ ಬಾಯಲ್ಲೂ ಇಲ್ಲ.
ಸುಮ್ಮನೆ ಕೂತಳು. ಆಮೇಲೆ ಸುಳಿವು ಬರೆದಳು:
ಯಂತ್ರ ನಿಂತ ಮೇಲೂ ಒಳಗೊಂದು ಜಿಪ್ಪು
ಟಿಕ್ ಟಿಕ್ ಎನ್ನುವಷ್ಟು ಹೊತ್ತು.

ಯಾರೂ ತಕರಾರು ತೆಗೆಯಲಿಲ್ಲ.
ಹದಿನಾಲ್ಕು ಹಾಳೆ, ಹದಿನಾಲ್ಕೂ ಮೂಲೆ ಭರ್ತಿ.
“ನಮ್ಮ ಸೋದರಮಾವ ಅನ್ನುತ್ತಿದ್ದ ಪದ” ಎಂದ ಕರಾದೊಗ್,
ಎಲುಬಿನ ಮೇಲೆ ಕತ್ತಿ ಇಳಿಸುತ್ತ, ಸಾಕ್ಷಿ ಹೇಳುವವನಂತೆ.
ಹೈಲ್ವೆನ್ ಆಸ್ಪತ್ರೆಯಿಂದ ವಾಪಸಾದ ಸಂಜೆ
ಕೊನೆಯ ಸ್ಟಾಪಿನಲ್ಲಿ ಎಂಜಿನ್ ಆರಿಸಿದೆ.
ಕಾದ ಕಬ್ಬಿಣ ಎಲ್ಲೋ ಕೆಳಗೆ ಸಣ್ಣಗೆ ಚಿಟಿಗುಡುತ್ತಿತ್ತು.
“ಈಗಲೇ ಇಳಿಸಬೇಡ,” ಎಂದಳು ಕಣ್ಣುಮುಚ್ಚಿ,
“ದಿಲ್ವೆಥ್ ಮುಗಿಯಲಿ.”

ಮೆರೆರಿಡ್‌ಗೆ ಹೇಳಿದೆ. ಮುಖ ಕೆಂಪಾಯಿತು,
ಮಕ್ಕಳಾಟದ ನೋಟು ಬ್ಯಾಂಕಿನಲ್ಲಿ ನಡೆದುಬಿಟ್ಟಂತೆ.
ಮುಂದಿನ ವಾರದ ಹಾಳೆಯ ಬುಡದಲ್ಲಿ ಸಣ್ಣಕ್ಷರ:
‘ಕಳೆದ ಸಲದ ಇಪ್ಪತ್ತಮೂರು ತಪ್ಪು. ಅಂಥ ಪದವಿಲ್ಲ. ಕ್ಷಮಿಸಿ.’
ಡಿಪೋದಲ್ಲಿ ಕತ್ತರಿ ಇತ್ತು.
ಬುಡದ ಪಟ್ಟಿಯನ್ನಷ್ಟೇ ನೀಟಾಗಿ ಕತ್ತರಿಸಿ
ಹಾಳೆ ಹಂಚಿದೆ.
ಪಟ್ಟಿಗಳು ಈಗಲೂ ಟಿಕೆಟ್ ಡಬ್ಬಿಯಲ್ಲಿವೆ, ಚಿಲ್ಲರೆಯ ಅಡಿ.
ಅವಳಿಗೆ ಹೇಳಿಲ್ಲ.

ಈ ಶುಕ್ರವಾರ ಮಂಜು. ವೈಪರು ಕಿರುಗುಡುತ್ತಿದೆ.
ಹಿಂದಿನಿಂದ ಟೆಗಿಡ್: “ಎಡದಿಂದ ಬಲಕ್ಕೆ ಮೂರು.
ಕತ್ತರಿ ಹಿಡಿದ ಸುಳ್ಳುಗಾರ. ನಾಲ್ಕು ಮನೆ.”
ಗೊತ್ತಿಲ್ಲಪ್ಪ, ಎನ್ನುತ್ತೇನೆ.
ತಿರುವು ಇನ್ನೂ ಬಂದಿಲ್ಲ.
ಆದರೂ ಗೇರು ಬದಲಿಸುತ್ತೇನೆ.